ಎರ್ಡೋಶ್ ಬರೀ ಸಮಸ್ಯೆ ಬಿಡಿಸಿದವರಾ? ಜೊತೆಗೆ 1932ರ ಸಾಧನೆಯಲ್ಲಿ (ಪ್ರೂಫ್) ಒಂದು ಸಂಶಯ

ಶೇಷಪ್ರಮೇಯ (ಪ್ರಶ್ನೆ):
ಗಣಿತಜ್ಞ ಪಾಲ್ ಎರ್ಡೋಶ್ (1913–1996) ಬಗ್ಗೆ ಎಲ್ಲಿ ನೋಡಿದರೂ ಅದೇ ಸೂಟ್‌ಕೇಸ್, ಕಾಫಿ, ಸುಮಾರು 1500 ಲೇಖನ, 500 ಚಿಲ್ಲರೆ ಸಹಲೇಖಕರು. ಅವರಿಂದ ಗಣಿತದಲ್ಲಿ ಬದಲಾದದ್ದೇನು ಅಂತ ಯಾರೂ ಬಿಡಿಸಿ ಹೇಳಲ್ಲ. ಸಿದ್ಧಾಂತ ಕಟ್ಟಲಿಲ್ಲ, ಬಿಡಿಬಿಡಿ ಸಮಸ್ಯೆ ಬಿಡಿಸಿಕೊಂಡು ಹೋದರು ಅನ್ನೋ ದೂರು ನಿಜವಾ? ಇನ್ನೊಂದು: ಎನ್‌ಗೂ 2ಎನ್‌ಗೂ ನಡುವೆ ಅವಿಭಾಜ್ಯ ಸಂಖ್ಯೆ ಇದ್ದೇ ಇರುತ್ತದೆ ಅನ್ನೋದಕ್ಕೆ 1932ರಲ್ಲಿ ಅವರು ಕೊಟ್ಟ ಸಾಧನೆ ಓದುತ್ತಿದ್ದೇನೆ. ಅದರಲ್ಲಿ 2ಎನ್/3 ಎಲ್ಲಿಂದ ಬಂತು?

ಬಿಂದುರೇಖೆ:
ದೂರು ಅರ್ಧ ನಿಜ. ಆದರೆ ಒಂದು ಸಮಸ್ಯೆಗೆ ಅಂತ ಹೂಡಿದ ಉಪಾಯವೇ ಆಮೇಲೆ ಒಂದು ಶಾಖೆಯಾಗಿ ಬೆಳೆದದ್ದಿದೆ. 1947ರದ್ದು ನೋಡಿ. 100 ಬಿಂದು, ಪ್ರತಿ ಜೋಡಿಗೂ ಒಂದು ಗೆರೆ, ಗೆರೆಗೆ ಕೆಂಪು ಇಲ್ಲವೇ ನೀಲಿ. ಯಾವ 10 ಬಿಂದು ಆರಿಸಿಕೊಂಡರೂ ಅವುಗಳ ನಡುವಿನ 45 ಗೆರೆ ಒಂದೇ ಬಣ್ಣದವಾಗಿರಬಾರದು. ಸಾಧ್ಯವಾ?

ಕೂತು ಬಣ್ಣ ಹಚ್ಚೋಕೆ ಹೋಗಬೇಡಿ, 4950 ಗೆರೆ ಇವೆ. ಪ್ರತಿ ಗೆರೆಗೂ ನಾಣ್ಯ ಚಿಮ್ಮಿ. ಒಂದು ಗುಂಪು ಪೂರ್ತಿ ಒಂದೇ ಬಣ್ಣವಾಗೋ ಸಂಭವನೀಯತೆ 2ರ 44ನೇ ಘಾತದಲ್ಲಿ ಒಂದು ಪಾಲು, ಅಂದರೆ 17.59 ಲಕ್ಷ ಕೋಟಿಯಲ್ಲಿ ಒಂದು. ಹತ್ತರ ಗುಂಪುಗಳು ಒಟ್ಟು 17.31 ಲಕ್ಷ ಕೋಟಿ. ಹಾಗಾಗಿ ಒಂದೇ ಬಣ್ಣದ ಗುಂಪುಗಳ ಸರಾಸರಿ ಸುಮಾರು 0.98. ಗುಂಪಿನ ಎಣಿಕೆ ಪೂರ್ಣಾಂಕ. ಸರಾಸರಿ 1ಕ್ಕಿಂತ ಕಡಿಮೆ ಬರಬೇಕಾದರೆ ಎಲ್ಲೋ ಒಂದು ಕಡೆ ಸೊನ್ನೆ ಇರಲೇಬೇಕು. ಮುಗೀತು.

ಇಲ್ಲಿ ಎಡವೋದು ಎರಡು ಕಡೆ. ಈ ವಾದ ಬಣ್ಣ ಹಚ್ಚಿ ಕೈಗೆ ಕೊಡಲ್ಲ, ಇದೆ ಅಂತ ಮಾತ್ರ ಹೇಳುತ್ತದೆ. 101 ಬಿಂದುವಿಗೆ ಸರಾಸರಿ 1.09 ಆಗುತ್ತದೆ, ಅದನ್ನು 'ಸಾಧ್ಯವಿಲ್ಲ' ಅಂತ ಓದಿಕೊಳ್ಳೋರು ಬಹಳ. ಹಾಗಲ್ಲ, ಅಲ್ಲಿ ವಾದ ಸುಮ್ಮನಾಗುತ್ತದೆ ಅಷ್ಟೇ.

ಇದೇ ಸಮಸ್ಯೆಯ ಮೇಲಿನ ಮಿತಿ, ಅಂದರೆ ಎಷ್ಟು ಬಿಂದು ಆದಮೇಲೆ ಒಂದೇ ಬಣ್ಣದ ಕೆ ಬಿಂದುಗಳ ಗುಂಪು ತಪ್ಪಿಸೋಕೇ ಆಗಲ್ಲ ಅನ್ನೋದು, 1935ರಲ್ಲಿ ಸೆಕೆರೆಶ್ ಜೊತೆ ಕೊಟ್ಟದ್ದು: ಸುಮಾರು 4ರ ಕೆನೇ ಘಾತ. ಆ 4ನ್ನು ಒಂದಿಷ್ಟಾದರೂ ಇಳಿಸೋಕೆ 2023 ಬರಬೇಕಾಯಿತು. ಇನ್ನು ಬಹುಮಾನದ ಸಮಸ್ಯೆಗಳು. ಪೂರ್ಣಾಂಕಗಳ ದಟ್ಟವಾದ ಗುಂಪಿನಲ್ಲಿ ಎಷ್ಟು ಉದ್ದದ ಸಮಾಂತರ ಶ್ರೇಢಿಯಾದರೂ (3, 7, 11ರಂತೆ ಸಮ ಅಂತರದ ಸಾಲು) ಸಿಗುತ್ತದಾ ಅನ್ನೋ ಪ್ರಶ್ನೆಗೆ 1000 ಡಾಲರ್ ಇಟ್ಟಿದ್ದರು, 1975ರಲ್ಲಿ ಸೆಮೆರೆಡಿ ಬಿಡಿಸಿದರು. ಆ ಪ್ರಮೇಯದ ಮೇಲೆಯೇ 2004ರಲ್ಲಿ ಗ್ರೀನ್ ಮತ್ತು ಟಾವೊ ಅವಿಭಾಜ್ಯಗಳ ಬಗ್ಗೆ ತಮ್ಮ ಫಲಿತಾಂಶ ಕಟ್ಟಿದ್ದು. ಪ್ರಶ್ನೆ ಆರಿಸೋದೇ ಅವರ ನಿಜವಾದ ಕಸುಬು ಅನ್ನೋದು ನನ್ನ ಅಭಿಪ್ರಾಯ.

ಅಂಶಛೇದ:
2ಎನ್/3 ವಿಷಯಕ್ಕೆ ಬರ್ತೀನಿ. ಸಾಧನೆ ನಿಂತಿರೋದು 2ಎನ್‌ನಲ್ಲಿ ಎನ್ ಆರಿಸೋ ವಿಧಾನಗಳ ಸಂಖ್ಯೆಯ ಮೇಲೆ (ಇದಕ್ಕೆ ದ್ವಿಪದ ಗುಣಾಂಕ ಅಂತಾರೆ). ಮೊದಲು ಎನ್ = 10 ಹಾಕಿ ನೋಡಿ. 20ರಲ್ಲಿ 10 ಆರಿಸೋ ವಿಧಾನಗಳು 184756, ಅಂದರೆ 4 × 11 × 13 × 17 × 19. ಇದರಲ್ಲಿ 7 ಯಾಕಿಲ್ಲ? ಅಂಶದಲ್ಲಿರೋ 20ರ ಫ್ಯಾಕ್ಟೋರಿಯಲ್‌ನಲ್ಲಿ (1ರಿಂದ 20ರವರೆಗಿನ ಗುಣಲಬ್ಧ) 7, 14 ಸೇರಿ ಎರಡು ಏಳು. ಛೇದದಲ್ಲಿ 10ರ ಫ್ಯಾಕ್ಟೋರಿಯಲ್ ಎರಡು ಸಲ ಇದೆ, ಒಂದೊಂದರಲ್ಲೂ ಒಂದು ಏಳು. ಎರಡಕ್ಕೆರಡು ಹೊಡೆದುಹೋಯಿತು. ಯಾವುದೇ ಅವಿಭಾಜ್ಯದ ಮೂರರಷ್ಟು 2ಎನ್ ದಾಟಿ, ಅದು ಎನ್ ಒಳಗೇ ಇದ್ದರೆ ಹೀಗೇ ಆಗುತ್ತದೆ. ಅಲ್ಲಿಂದ ಬಂದದ್ದು 2ಎನ್/3. ಎನ್ = 2ಕ್ಕೆ ಇದು ಕೈಕೊಡುತ್ತದೆ (ಬೆಲೆ 6, ಅದರಲ್ಲಿ 2 ಉಳಿದಿದೆ), ಯಾಕೆಂದರೆ 4ರಲ್ಲಿ ಎರಡು ಸಲ 2 ಇದೆ. ಅದಕ್ಕೇ ಎನ್ ≥ 3 ಅಂತ ಹಾಕೋದು.

ಉಳಿದದ್ದು ಸಲೀಸು. ಈ ಗುಣಾಂಕ 4ರ ಎನ್‌ನೇ ಘಾತವನ್ನು 2ಎನ್‌ನಿಂದ ಭಾಗಿಸಿದ್ದಕ್ಕಿಂತ ಕಡಿಮೆ ಇರಲ್ಲ. 2ಎನ್‌ನಲ್ಲಿ 0, 1, 2 ಹೀಗೆ 2ಎನ್‌ವರೆಗೆ ಆರಿಸೋ ವಿಧಾನಗಳನ್ನೆಲ್ಲ ಕೂಡಿದರೆ 4ರ ಎನ್‌ನೇ ಘಾತ, ಅವುಗಳಲ್ಲಿ ನಡುವಿನ ಇದೇ ದೊಡ್ಡದು. ಪದಗಳು 2ಎನ್+1 ಇರೋದರಿಂದ 2ಎನ್+1ರಿಂದ ಭಾಗಿಸಬೇಕಲ್ಲವಾ ಅಂತ ತಡವರಿಸೋರಿದ್ದಾರೆ. ತುದಿಯ ಎರಡು 1ಗಳನ್ನು ಒಂದೇ ಪದವಾಗಿ ಕೂಡಿಸಿಕೊಳ್ಳಿ, ಪದಗಳು 2ಎನ್ ಆಗುತ್ತವೆ. 2ಎನ್‌ನ ವರ್ಗಮೂಲದೊಳಗಿನ ಪ್ರತಿ ಅವಿಭಾಜ್ಯದ ಕೊಡುಗೆ ಹೆಚ್ಚೆಂದರೆ 2ಎನ್. ಅದಕ್ಕಿಂತ ದೊಡ್ಡವು ಒಂದೇ ಸಲ ಬರುತ್ತವೆ, 2ಎನ್/3ರವರೆಗೆ ಅವುಗಳ ಗುಣಲಬ್ಧ 4ರ (2ಎನ್/3)ನೇ ಘಾತ ದಾಟಲ್ಲ. ಎನ್ ಮತ್ತು 2ಎನ್ ನಡುವೆ ಅವಿಭಾಜ್ಯವೇ ಇಲ್ಲ ಅಂದುಕೊಂಡರೆ ಇಷ್ಟರಿಂದಲೇ ಗುಣಾಂಕ ತುಂಬಬೇಕು. ಎನ್ ದೊಡ್ಡದಾದಾಗ ತುಂಬಲ್ಲ.

ಮದ್ರಾಸ್‌ಮೇಲ್:
ಈ ಪ್ರಮೇಯ ಮೊದಲು ಸಾಧಿಸಿದ್ದು ಚೆಬಿಶೆವ್. ರಾಮಾನುಜನ್ 1919ರಲ್ಲಿ ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿಯ ಜರ್ನಲ್‌ನಲ್ಲಿ ಚಿಕ್ಕ ಸಾಧನೆ ಕೊಟ್ಟು ಇನ್ನೂ ಮುಂದೆ ಹೋದರು: ಎಕ್ಸ್/2 ಮತ್ತು ಎಕ್ಸ್ ನಡುವೆ ಕನಿಷ್ಠ 1, 2, 3, 4, 5 ಅವಿಭಾಜ್ಯ ಬೇಕಾದರೆ ಎಕ್ಸ್ ಕ್ರಮವಾಗಿ 2, 11, 17, 29, 41 ಅಥವಾ ಹೆಚ್ಚಿದ್ದರೆ ಸಾಕು. ಎರ್ಡೋಶ್‌ಗೆ ರಾಮಾನುಜನ್ ಮೇಲೆ ಅಪಾರ ಗೌರವ. 1975ರಲ್ಲಿ ಕಲ್ಕತ್ತಾದಿಂದ ಆಸ್ಟ್ರೇಲಿಯಾಕ್ಕೆ ಹೊರಟವರು ಕೃಷ್ಣಸ್ವಾಮಿ ಅಲ್ಲಾಡಿ ಅನ್ನೋ ವಿದ್ಯಾರ್ಥಿಯನ್ನು ನೋಡೋಕೆ ಅಂತ ಮದ್ರಾಸಿನಲ್ಲಿ ಇಳಿದರು. 1977ರಲ್ಲಿ ಇಬ್ಬರ ಜಂಟಿ ಲೇಖನ ಬಂತು. ನಮ್ಮ ಮಂಡ್ಯದಲ್ಲಿ ಹುಟ್ಟಿದ ಕೆ. ರಾಮಚಂದ್ರ ಕೂಡ ಅವರ ಸಹಲೇಖಕರು.

ಶೇಷಪ್ರಮೇಯ:
@ಅಂಶಛೇದ ಈಗ ಬಿಡಿಸಿಕೊಂಡಿತು, ಧನ್ಯವಾದ. ಪುಸ್ತಕದಲ್ಲಿ 'ಎನ್ ≥ 4000' ಅಂತಿದೆ. ಅಲ್ಲಿಯವರೆಗೆ ಒಂದೊಂದಾಗಿ ನೋಡಬೇಕಾ?

ಅಂಶಛೇದ:
ಬೇಡ. ಪ್ರತಿಯೊಂದೂ ಹಿಂದಿನದರ ಎರಡರಷ್ಟಕ್ಕಿಂತ ಚಿಕ್ಕದಿರೋ ಅವಿಭಾಜ್ಯಗಳ ಸರಪಳಿ ಸಾಕು: 2, 3, 5, 7, 13, 23, 43, 83, 163, 317, 631, 1259, 2503, 4001. 4000 ಅನ್ನೋದೂ ಬರವಣಿಗೆಯ ಅನುಕೂಲಕ್ಕೆ. ಅವಿಭಾಜ್ಯ ಇಲ್ಲ ಅಂದುಕೊಂಡರೆ ಮೇಲಿನ ಮಿತಿಗಳೆಲ್ಲ ಸೇರಿ 4ರ (ಎನ್/3)ನೇ ಘಾತ ≤ 2ಎನ್‌ನ (1+√(2ಎನ್))ನೇ ಘಾತ ಅಂತ ಬರಬೇಕು. ಎನ್ = 500 ಹಾಕಿದರೆ ಎಡಗಡೆ 2ರ 333ನೇ ಘಾತ, ಬಲಗಡೆ 2ರ ಸುಮಾರು 325ನೇ ಘಾತ; ವಿರೋಧ ಅಲ್ಲೇ ಬಂದಾಯಿತು, ಮುಂದೆ ಅಂತರ ಹೆಚ್ಚುತ್ತಲೇ ಹೋಗುತ್ತದೆ. ಹಾಗಾಗಿ ಸರಪಳಿಯನ್ನು 631ಕ್ಕೇ ನಿಲ್ಲಿಸಬಹುದು.