‘ಬರುವಾಗ ಫೋನ್ ಮಾಡಿ’ ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಬರೆಯೋದು?

ಮೇಗರವಳ್ಳಿ ಹೋಂಸ್ಟೇ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಹತ್ತಿರ ನಮ್ಮ ಮನೆ. ಅಡಿಕೆ ತೋಟ, ಜೊತೆಗೆ ಮೂರು ರೂಮಿನ ಹೋಂಸ್ಟೇ. ಟಾರು ರಸ್ತೆಯಿಂದ ಎರಡೂವರೆ ಕಿಲೋಮೀಟರ್ ಒಳಗೆ. ಮಳೆಗಾಲದಲ್ಲಿ ಕಾರು ಹತ್ತುವುದಿಲ್ಲ, ನಾನೇ ಜೀಪು ತಗೊಂಡು ಕ್ರಾಸಿಗೆ ಹೋಗಿ ಕರ್ಕೊಂಡು ಬರಬೇಕು. ಮನೆಯಲ್ಲಿ ವೈಫೈ ಇದೆ, ಫೋನ್ ಅದರ ಮೇಲೇ ನಡೆಯುತ್ತದೆ. ಕ್ರಾಸಿನಲ್ಲಿ ಮಾತ್ರ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ.

ಹೋದ ತಿಂಗಳು ಪುಣೆಯಿಂದ ನಾಲ್ಕು ಜನ ಬರುವವರಿದ್ದರು. ನಾನು ವಾಟ್ಸಾಪಿನಲ್ಲಿ ‘ಕಾಲ್ ಮಿ ವೆನ್ ಯು ಕಮ್’ ಅಂತ ಬರೆದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ‘ಬರುವಾಗ ಫೋನ್ ಮಾಡಿ’. ಅಂದ್ರೆ ತೀರ್ಥಹಳ್ಳಿ ಬಿಡುವಾಗ. ಅವರು ಅರ್ಥ ಮಾಡಿಕೊಂಡದ್ದು ‘ಬಂದಾಗ ಫೋನ್ ಮಾಡಿ’. ಕ್ರಾಸಿಗೆ ಬಂದು ಕಾರು ನಿಲ್ಲಿಸಿ ಫೋನ್ ತೆಗೆದರೆ ಸಿಗ್ನಲ್ ಎಲ್ಲಿ? ಬಸ್ ಸ್ಟಾಪಿನ ಶೀಟಿನ ಕೆಳಗೆ ಮುಕ್ಕಾಲು ಗಂಟೆ ನಿಂತಿದ್ದಾರೆ. ಒಬ್ಬರ ಸಾಕ್ಸ್ ಒಳಗೆ ಮೂರು ಉಂಬಳ (ಜಿಗಣೆ). ನಾನು ಇಲ್ಲಿ ಹಂಡೆಗೆ ಬೆಂಕಿ ಹಾಕಿ, ಫೋನ್ ಮುಂದಿಟ್ಟುಕೊಂಡು ಕೂತಿದ್ದೇನೆ. ಹೋಗುವಾಗ ಎರಡು ಸ್ಟಾರ್ ಕೊಟ್ಟು ಹೋದರು.

ಆಮೇಲೆ ಮೆಸೇಜ್ ಬದಲಾಯಿಸಿದೆ. ‘ಕಾಲ್ ಮಿ ಆ್ಯಸ್ ಸೂನ್ ಆ್ಯಸ್ ಯು ವಿಲ್ ರೀಚ್ ತೀರ್ಥಹಳ್ಳಿ.’ ಪಿಯುಸಿ ಓದುವ ಮಗಳು ನೋಡಿ, ‘ಅಪ್ಪಾ, ಅಲ್ಲಿ ವಿಲ್ ಬರಬಾರದು’ ಅಂದಳು. ಯಾಕೆ ಅಂತ ಕೇಳಿದರೆ ‘ರೂಲ್ ಅದು’. ಅಲ್ಲ ಮಾರಾಯ್ರೆ, ಅವರು ಬರುವುದು ನಾಳೆ. ನಾಳೆಗೆ ವಿಲ್ ಬೇಡ ಅಂದ್ರೆ ಎಂತ ಕಥೆ? ಯಾರಾದರೂ ತಲೆಗೆ ಹೋಗುವ ಹಾಗೆ ಹೇಳಿ.

ಗಾಜನೂರು ಎಕ್ಸ್‌ಪ್ರೆಸ್:

ಇಂಗ್ಲಿಷೇ ಬೇಡ ಸರ್. ಲೈವ್ ಲೊಕೇಶನ್ ಹಾಕಿಸಿಕೊಳ್ಳಿ.

ಮೇಗರವಳ್ಳಿ ಹೋಂಸ್ಟೇ:

ಸಿಗ್ನಲ್ ಇಲ್ಲ ಅಂದೆನಲ್ಲ ತಮ್ಮಾ. ಅವರ ಲೊಕೇಶನ್ ತೀರ್ಥಹಳ್ಳಿ ದಾಟಿ ಸ್ವಲ್ಪ ದೂರದಲ್ಲೇ ನಿಂತುಬಿಡುತ್ತದೆ.

ಸಾಗರದ ಮೇಷ್ಟ್ರು:

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತನಾದವನು. ನಿಮ್ಮ ಮಗಳು ಹೇಳಿದ್ದು ಸರಿ. ಆದರೆ ‘ರೂಲ್’ ಅಂತ ಹೇಳಿ ಬಿಟ್ಟರೆ ಯಾರಿಗೂ ನೆನಪಿರಲ್ಲ. ನಾನೂ ಎಷ್ಟೋ ವರ್ಷ ಹಾಗೇ ಹೇಳಿ ಬಿಟ್ಟವನೇ, ಸುಳ್ಳು ಯಾಕೆ.

ಈಗ ಕನ್ನಡದಲ್ಲಿ ನೋಡಿ. ‘ನಾಳೆ ತೀರ್ಥಹಳ್ಳಿಗೆ ಬಂದ ಕೂಡಲೇ ಫೋನ್ ಮಾಡಿ.’ ಬರುವುದು ನಾಳೆ. ನೀವು ಹೇಳಿದ್ದು ‘ಬಂದ’. ‘ಬರುವ ಕೂಡಲೇ’ ಅಂತ ಯಾರಾದರೂ ಹೇಳ್ತಾರಾ? ಇಲ್ಲ. ನಾಳೆಯ ಕೆಲಸಕ್ಕೆ ನಾವು ಆಗಿಹೋದ ರೂಪ ಹಾಕುತ್ತೇವೆ, ಅವರು ವರ್ತಮಾನದ ರೂಪ ಹಾಕುತ್ತಾರೆ. ‘ನಾಳೆ’ ಅನ್ನುವ ಭಾರವನ್ನು ವಾಕ್ಯದ ಇನ್ನೊಂದು ತುದಿ ಹೊರುತ್ತದೆ. ‘ಆ್ಯಸ್ ಸೂನ್ ಆ್ಯಸ್ ಐ ಗೆಟ್ ಹೋಮ್, ಐ ವಿಲ್ ಕಾಲ್.’ ವಿಲ್ ಒಂದೇ ಕಡೆ ಸಾಕು. ಆಫ್ಟರ್, ಬಿಫೋರ್, ಅನ್‌ಟಿಲ್, ಒನ್ಸ್ ಎಲ್ಲಕ್ಕೂ ಇದೇ ಲೆಕ್ಕ.

ಉಲ್ಟಾ ಕೂಡ ನೋಡಿ. ‘ಮಳೆ ಬರುವ ಮೊದಲು ಅಂಗಳದ ಅಡಿಕೆ ಎತ್ತಿದೆವು.’ ಮಳೆ ಬಂದು ಹೋಗಿ ವಾರ ಆಗಿರಬಹುದು, ಆದರೂ ‘ಬರುವ’. ನಮ್ಮ ‘ಬಂದ’, ‘ಬರುವ’ ಇಲ್ಲೆಲ್ಲ ನಿನ್ನೆ ನಾಳೆ ಹೇಳುವುದಿಲ್ಲ. ಕೆಲಸ ಮುಗಿದಿತ್ತೋ ಇಲ್ಲವೋ, ಅಷ್ಟೇ ಹೇಳುತ್ತವೆ. ಇಂಗ್ಲಿಷಿನವರು ಇಲ್ಲಿ ‘ಬಿಫೋರ್ ಇಟ್ ರೇನ್ಡ್’ ಅಂತ ಭೂತಕಾಲಕ್ಕೇ ಹೋಗುತ್ತಾರೆ.

ನಿಮ್ಮ ಉಂಬಳದ ಕಥೆಗೆ ಕಾರಣ ಬೇರೆ. ನಮ್ಮಲ್ಲಿ ‘ಬರುವಾಗ’, ‘ಬಂದಾಗ’ ಎರಡು ಮಾತಿದೆ. ‘ಬರುವಾಗ ಹಾಲು ತನ್ನಿ’ ಅಂದರೆ ದಾರಿಯಲ್ಲಿ. ‘ಬಂದಾಗ ಹಾಲು ಕೊಡುತ್ತೇನೆ’ ಅಂದರೆ ಬಾಗಿಲಿಗೆ ತಲುಪಿದ ಮೇಲೆ. ‘ವೆನ್ ಯು ಕಮ್’ ಎರಡಕ್ಕೂ ನಡೆಯುತ್ತದೆ. ಅಲ್ಲಿ ಕ್ರಿಯಾಪದ ಬದಲಾಯಿಸಬೇಕು. ಹೊರಡುವುದಕ್ಕೆ ‘ಲೀವ್’, ತಲುಪುವುದಕ್ಕೆ ‘ಗೆಟ್’. ‘ವೆನ್ ಯು ಲೀವ್ ತೀರ್ಥಹಳ್ಳಿ’ ಅಂತ ಬರೆದಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ‘ರೀಚ್’ ಬಳಸಿದರೆ ಮುಂದೆ ಊರಿನ ಹೆಸರು ಬೇಕು. ನಾವು ‘ಐ ರೀಚ್ಡ್’ ಅಂತ ಅಲ್ಲಿಗೇ ನಿಲ್ಲಿಸುತ್ತೇವೆ, ಅವರು ‘ರೀಚ್ಡ್ ಎಲ್ಲಿಗೆ?’ ಅಂತ ಕಾಯುತ್ತಾರೆ.

ಮೇಗರವಳ್ಳಿ ಹೋಂಸ್ಟೇ:

ಮೇಷ್ಟ್ರೇ, ‘ಬಂದ ಕೂಡಲೇ’ ಒಂದು ಮಾತಿಗೆ ಬಲ್ಬು ಹತ್ತಿತು. ಐವತ್ತೆರಡು ವರ್ಷದಿಂದ ಆಡುತ್ತಿರುವ ಮಾತು, ಒಂದು ದಿನವೂ ಗಮನಿಸಿಲ್ಲ. ಇನ್ನೊಂದು ಕೇಳ್ತೇನೆ. ತೀರ್ಥಹಳ್ಳಿಯಲ್ಲಿ ಊಟ ಮುಗಿಸಿ, ಇನ್ನೇನು ಹೊರಡಬೇಕು ಅನ್ನುವಾಗ ಫೋನ್ ಬರಬೇಕು ನನಗೆ. ಆ ‘ಇನ್ನೇನು’ ಹೇಗೆ? ‘ಜಸ್ಟ್ ಕಾಲ್ ಮಿ ಬಿಫೋರ್ ಯು ಲೀವ್’ ಸರಿಯಾ?

ದುರ್ಗಿಗುಡಿ ಅಕ್ಕ:

ಶಿವಮೊಗ್ಗದಲ್ಲಿ ಸಂಜೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಮಾಡುತ್ತೇನೆ. ಇದು ವಾರಕ್ಕೆ ಒಂದು ಸಲವಾದರೂ ಬರುವ ಪ್ರಶ್ನೆ ಅಣ್ಣಾ.

‘ಜಸ್ಟ್’ ಕೂರುವ ಜಾಗ ನೋಡಿ. ‘ಜಸ್ಟ್ ಕಾಲ್ ಮಿ’ ಅಂದರೆ ‘ಸುಮ್ನೆ ಒಂದು ಫೋನ್ ಮಾಡಿ, ಸಾಕು’. ಅವರು ಊಟಕ್ಕೆ ಮೊದಲೇ ಮಾಡಿದರೂ ತಪ್ಪಿಲ್ಲ. ‘ಕಾಲ್ ಮಿ ಜಸ್ಟ್ ಬಿಫೋರ್ ಯು ಲೀವ್’ ಅಂದರೆ ಹೊರಡುವುದಕ್ಕೆ ಸ್ವಲ್ಪ ಮುಂಚೆ. ‘ಜಸ್ಟ್’ ಬಿಫೋರ್‌ಗೆ ಅಂಟಿಕೊಂಡಿರಬೇಕು. ‘ಜಸ್ಟ್ ಆ್ಯಸ್’ ಅಂದರೆ ‘ಹೊರಡುತ್ತಿದ್ದ ಹಾಗೇ’. ‘ರೈಟ್ ಆಫ್ಟರ್’ ಅಂದರೆ ಹೊರಟ ಬೆನ್ನಿಗೇ. ‘ಲಾಂಗ್ ಬಿಫೋರ್’ ಬೇಡ ನಿಮಗೆ, ಜೀಪು ಸುಮ್ಮನೆ ಕ್ರಾಸಿನಲ್ಲಿ ನಿಲ್ಲುತ್ತದೆ.

ಮೇಷ್ಟ್ರು ಹೇಳಿದ್ದಕ್ಕೆ ಒಂದು ಬಾಲ ಸೇರಿಸುತ್ತೇನೆ. ವೆನ್ ಕಂಡಲ್ಲೆಲ್ಲ ವಿಲ್ ಕಿತ್ತುಹಾಕಬೇಡಿ. ‘ಐ ಡೋಂಟ್ ನೋ ವೆನ್ ದೇ ವಿಲ್ ಕಮ್’ ಸರಿ. ಕನ್ನಡ ಮಾಡಿ ನೋಡಿ. ‘ಯಾವಾಗ ಬರುತ್ತಾರೋ ಗೊತ್ತಿಲ್ಲ.’ ‘ಯಾವಾಗ’ ಬಂದರೆ ವಿಲ್ ಇರಬಹುದು. ‘ಬಂದಾಗ’ ಬಂದರೆ ತೆಗೆಯಿರಿ. ನನ್ನ ಕ್ಲಾಸಿನಲ್ಲಿ ಇದೊಂದು ಕೆಲಸ ಮಾಡಿದಷ್ಟು ಇನ್ಯಾವುದೂ ಮಾಡಿಲ್ಲ.

‘ಟಿಲ್’ ಬಗ್ಗೆಯೂ ಹುಷಾರು. ‘ಜೀಪ್ ವಿಲ್ ಕಮ್ ಟಿಲ್ ಫೈವ್’ ಅಂತ ಬರೆಯುವವರು ನಮ್ಮ ಕಡೆಯೂ ಜಾಸ್ತಿ ಆಗಿದ್ದಾರೆ. ಹಿಂದಿಯಲ್ಲಿ ‘ಪಾಂಚ್ ಬಜೇ ತಕ್’ ಎರಡಕ್ಕೂ ನಡೆಯುತ್ತದೆ, ಅಲ್ಲಿಂದ ಬಂದ ಅಭ್ಯಾಸ ಅಂತ ನನ್ನ ಅನುಮಾನ. ನಮಗೆ ಆ ಕಷ್ಟವೇ ಇಲ್ಲ. ‘ಐದರೊಳಗೆ’ ಅಂದರೆ ಬೈ, ‘ಐದರ ತನಕ’ ಅಂದರೆ ಟಿಲ್. ಕನ್ನಡದಲ್ಲಿ ಯೋಚಿಸಿದರೇ ಸರಿ ಬರುವ ಜಾಗ ಇದು.

ಗಾಜನೂರು ಎಕ್ಸ್‌ಪ್ರೆಸ್:

ಅಕ್ಕಾ, ಹತ್ತನೇ ಕ್ಲಾಸಲ್ಲಿ ‘ನೋ ಸೂನರ್, ದ್ಯಾನ್’ ಬಾಯಿಪಾಠ ಮಾಡಿಸಿದ್ದರಲ್ಲ, ಅದನ್ನು ಎಲ್ಲಿ ಹಾಕೋದು?

ದುರ್ಗಿಗುಡಿ ಅಕ್ಕ:

ಪರೀಕ್ಷೆಯಲ್ಲಿ.

ಸಾಗರದ ಮೇಷ್ಟ್ರು:

ಅದನ್ನು ಬಾಯಿಪಾಠ ಮಾಡಿಸಿದವರಲ್ಲಿ ನಾನೂ ಒಬ್ಬ, ಸುಮ್ಮನಿರುತ್ತೇನೆ. ‘ಯಾವಾಗ’ ಪರೀಕ್ಷೆ ಚೆನ್ನಾಗಿದೆ ತಂಗಿ.

ಒಂದು ತಮಾಷೆ ನೆನಪಾಯಿತು. ಒಳಗಿಂದ ಹೆಂಡತಿ ಊಟಕ್ಕೆ ಕರೆದರೆ ನಾನು ಜಗುಲಿಯಲ್ಲಿ ಪೇಪರ್ ಹಿಡಿದುಕೊಂಡೇ ‘ಬಂದೆ’ ಅನ್ನುತ್ತೇನೆ. ಕುರ್ಚಿಯಿಂದ ಎದ್ದೇ ಇಲ್ಲ, ಆಗಲೇ ಬಂದಾಯಿತು. ಇಂಗ್ಲಿಷಿನವನು ‘ಕಮಿಂಗ್’ ಅನ್ನುತ್ತಾನೆ. ಅವನಾದರೂ ದಾರಿಯಲ್ಲಿದ್ದೇನೆ ಅಂತ ಹೇಳುತ್ತಾನೆ. ‘ಕೇಮ್’ ಅಂತ ಕೂಗಿದ ನನ್ನ ಒಬ್ಬ ವಿದ್ಯಾರ್ಥಿ ಇದ್ದ, ಹಾಜರಿ ಕರೆದಾಗ, ಗೇಟಿನ ಹತ್ತಿರದಿಂದ.

ಮೇಗರವಳ್ಳಿ ಹೋಂಸ್ಟೇ:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಮಗಳನ್ನು ಪಕ್ಕ ಕೂರಿಸಿಕೊಂಡು ಹೊಸ ಮೆಸೇಜ್ ಮಾಡಿದೆ. ‘ಪ್ಲೀಸ್ ಕಾಲ್ ಮಿ ಜಸ್ಟ್ ಬಿಫೋರ್ ಯು ಲೀವ್ ತೀರ್ಥಹಳ್ಳಿ. ದೇರ್ ಈಸ್ ನೋ ಸಿಗ್ನಲ್ ಆಫ್ಟರ್ ದಟ್. ಐ ವಿಲ್ ಬಿ ಅಟ್ ದ ಕ್ರಾಸ್ ಬಿಫೋರ್ ಯು ಗೆಟ್ ದೇರ್.’ ಕೊನೆಯ ಸಾಲಿನಲ್ಲಿ ಎರಡನೇ ವಿಲ್ ಹಾಕಲು ಕೈ ಹೋಗಿತ್ತು, ‘ಬರುವ ಮೊದಲು’ ಅಂತ ಬಾಯಲ್ಲಿ ಹೇಳಿಕೊಂಡು ಬಿಟ್ಟೆ.

ಶನಿವಾರಕ್ಕೆ ಬೆಂಗಳೂರಿನಿಂದ ಆರು ಜನರ ಬುಕಿಂಗ್ ಇತ್ತು. ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್ ಅಂತೆ. ಅವರಿಗೇ ಮೊದಲು ಕಳಿಸಿದೆ. ಎರಡು ನಿಮಿಷದಲ್ಲಿ ಉತ್ತರ ಬಂತು. ‘ಶೂರ್ ಸರ್, ವಿ ವಿಲ್ ಕಾಲ್ ಯು ಆ್ಯಸ್ ಸೂನ್ ಆ್ಯಸ್ ವಿ ವಿಲ್ ಲೀವ್.’

ಮಗಳು ಬಿದ್ದು ಬಿದ್ದು ನಕ್ಕಳು. ನಾನು ತಿದ್ದಲು ಹೋಗಲಿಲ್ಲ. ಅಡ್ವಾನ್ಸ್ ಇನ್ನೂ ಬಂದಿಲ್ಲ.