ಸಹಾಯ ಬೇಕು: ಜಪಾನಿನಲ್ಲಿ ಯುಗಾದಿ, ಬೇವಿನ ಹೂವಿಗೆ ಬದಲಿ ಏನು?

ಎಲ್ಲರಿಗೂ ನಮಸ್ಕಾರ. ನಾನು ಜಪಾನಿನ ಹಿರೋಶಿಮಾ ಪ್ರಾಂತ್ಯದ ಸಣ್ಣ ಊರೊಂದರ ಶಾಲೆಯಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕಿಯಾಗಿದ್ದೇನೆ. 2026ರ ಯುಗಾದಿ ಮಾರ್ಚ್ 19ರ ಗುರುವಾರ ಬರುತ್ತದೆ. ಮರುದಿನ ಇಲ್ಲಿ ವಸಂತ ವಿಷುವದ (ಹಗಲು ರಾತ್ರಿ ಸಮನಾಗುವ ದಿನದ) ಸಾರ್ವಜನಿಕ ರಜೆ ಇರುವುದರಿಂದ, ಸಹೋದ್ಯೋಗಿಗಳನ್ನೂ ಬೇರೆ ದೇಶಗಳಿಂದ ಬಂದಿರುವ ಶಿಕ್ಷಕ ಗೆಳೆಯರನ್ನೂ ಅಂದು ಹಬ್ಬದ ಊಟಕ್ಕೆ ಕರೆದಿದ್ದೇನೆ. ಜಪಾನಿನ ಶೈಕ್ಷಣಿಕ ವರ್ಷ ಮಾರ್ಚ್‌ನಲ್ಲಿ ಮುಗಿದು, ಏಪ್ರಿಲ್ 1ರಿಂದ ಹಲವು ಶಿಕ್ಷಕರು ಬೇರೆ ಶಾಲೆಗಳಿಗೆ ವರ್ಗವಾಗುವುದರಿಂದ ಇದು ಬೀಳ್ಕೊಡುಗೆಯ ಊಟವೂ ಹೌದು.

ತೊಡಕಿರುವುದು ಬೇವಿನದು. ಬೆಲ್ಲವನ್ನು ಭಾರತೀಯ ಅಂಗಡಿಗಳಿಂದ ಅಂಚೆಯಲ್ಲಿ ತರಿಸಬಹುದು, ಆದರೆ ಬೇವಿನ ಹೂ ಸಿಗುತ್ತಿಲ್ಲ. ಊರಿನಿಂದ ತರಿಸೋಣವೆಂದರೆ ಹಸಿ ಹೂವು, ಎಲೆಗಳಿಗೆ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ವಸಂತದ ಆರಂಭದಲ್ಲಿ ಇಲ್ಲಿ ಸಿಗುವ ಫುಕಿನೊತೊ ಎಂಬ ಕಹಿ ಮೊಗ್ಗನ್ನು ಜಪಾನಿಯರು ಟೆಂಪುರಾ (ಹಿಟ್ಟಿನಲ್ಲಿ ಅದ್ದಿ ಕರಿದದ್ದು) ಮಾಡಿಯೋ ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆಯಲ್ಲಿ ಬೆರೆಸಿಯೋ ತಿನ್ನುತ್ತಾರೆ. ಅದನ್ನು ಬೇಯಿಸಿ, ನೀರು ಬಸಿದು, ಸಣ್ಣಗೆ ಹೆಚ್ಚಿ ಬೆಲ್ಲದೊಡನೆ ಕೊಟ್ಟರೆ ಸಂಪ್ರದಾಯಕ್ಕೆ ಕುಂದಾಗುವುದೇ, ಅಥವಾ ಮೆಂತ್ಯವೇ ವಾಸಿಯೇ? ಹೊಸ ಋತುವಿನ ಕಹಿ ಅತಿಥಿಗಳಿಗೆ ಮೊದಲೇ ಪರಿಚಿತವಾದ್ದರಿಂದ ನನ್ನ ಮನಸ್ಸೇನೋ ಫುಕಿನೊತೊ ಕಡೆಗೇ ಇದೆ. ಆದರೂ ಮನೆಯಲ್ಲಿ ಹಬ್ಬ ನಡೆಸಿ ಬಲ್ಲ ಹಿರಿಯರ ಮಾತು ಬೇಕು.

ವಿಷುವದ ದಿನಗಳಲ್ಲಿ ಜಪಾನಿಯರು ಬೊತಮೊಚಿ ಎಂಬ ಅನ್ನದುಂಡೆಯ ಸಿಹಿತಿಂಡಿಗೆ ಬಳಸುವ ಅಜುಕಿ ಎಂಬ ಕೆಂಪು ಕಾಳಿನ ಸಿಹಿ ಹೂರಣವನ್ನು ತುಂಬಿ ಯಾರಾದರೂ ಒಬ್ಬಟ್ಟು ಮಾಡಿದ್ದೀರಾ? ಅದು ಕಡಲೆಬೇಳೆಯ ಹೂರಣಕ್ಕಿಂತ ತೇವವಾಗಿರುವುದರಿಂದ, ಕಣಕ ಹರಿಯದಂತೆ ಆ ಹೂರಣವನ್ನು ಒಲೆಯ ಮೇಲೆ ಎಷ್ಟು ಹೊತ್ತು ಮಗುಚಬೇಕೆಂದು ತಿಳಿಸಿ. ನನ್ನಲ್ಲಿರುವುದು ಇಂಡಕ್ಷನ್ ಒಲೆ ಮಾತ್ರ. ಮಾರ್ಚ್ 10ರೊಳಗೆ ಉತ್ತರ ಸಿಕ್ಕರೆ ಸಾಮಾನು ತರಿಸಿಕೊಳ್ಳಲು ಅನುಕೂಲವಾಗುತ್ತದೆ.