ಹನ್ನೊಂದನೆಯ ದಿನ 17 ಮಿ.ಮೀ. ಇದ್ದ ಫಾಲಿಕಲ್ ಹದಿಮೂರಕ್ಕೆ ಒಡೆದಿತ್ತು

ಹಾಸನದವಳು:
ನನಗೆ 37 ವರ್ಷ, ಮುಟ್ಟಿನ ಚಕ್ರ 25–26 ದಿನಗಳದು. ಹಿಂದೆ ಕೊಟ್ಟ ಚುಚ್ಚುಮದ್ದುಗಳಿಗೆ ಅಂಡಾಶಯ ಅಷ್ಟಾಗಿ ಸ್ಪಂದಿಸದ ಕಾರಣ ಈ ಸಲ ಔಷಧವಿಲ್ಲದೆ ಸಹಜ ಚಕ್ರದಲ್ಲೇ ಐವಿಎಫ್ (ಅಂಡಾಣುವನ್ನು ಹೊರತೆಗೆದು ದೇಹದ ಹೊರಗೆ ಫಲಿತಗೊಳಿಸುವುದು) ಮಾಡೋಣವೆಂದರು. ಒಂಬತ್ತನೆಯ ದಿನದ ಸ್ಕ್ಯಾನಿಂಗಿನಲ್ಲಿ ಬಲಗಡೆಯ ಫಾಲಿಕಲ್ (ಅಂಡಾಣು ಬೆಳೆಯುವ ಪುಟ್ಟ ಚೀಲ) 14 ಮಿ.ಮೀ., ಹನ್ನೊಂದನೆಯ ದಿನ 17 ಮಿ.ಮೀ. ಇತ್ತು; ಎರಡು ದಿನ ಬಿಟ್ಟು ಬರಲು ಹೇಳಿದರು. ಹದಿಮೂರರ ಬೆಳಿಗ್ಗೆ ನೋಡಿದರೆ ಫಾಲಿಕಲ್ ಕುಸಿದು, ಗರ್ಭಕೋಶದ ಹಿಂದೆ ದ್ರವ ನಿಂತಿತ್ತು, ಅಂದರೆ ಅಂಡಾಣು ಆಗಲೇ ಹೊರಬಿದ್ದಿತ್ತು. ಆ ತಿಂಗಳು ಅಲ್ಲಿಗೇ ಮುಗಿಯಿತು. ರಕ್ತಪರೀಕ್ಷೆ ಒಮ್ಮೆಯೂ ಆಗಿರಲಿಲ್ಲ. ಅಳತೆಯೊಂದನ್ನೇ ನಂಬಿದ್ದು ತಪ್ಪಾಯಿತೇ?

ಸ್ಕ್ಯಾನಿಂಗ್ ಕೊಠಡಿಯಿಂದ:
ಅಳತೆ ಸುಳ್ಳಲ್ಲ ಮೇಡಂ, ಆದರೆ ಅದು ಅರ್ಧ ಸುದ್ದಿ. ಈ ಹಂತದಲ್ಲಿ ಫಾಲಿಕಲ್ ದಿನಕ್ಕೆ ಒಂದೂವರೆಯಿಂದ 2 ಮಿ.ಮೀ. ಬೆಳೆಯುತ್ತದೆ, ಸಾಮಾನ್ಯವಾಗಿ 18ರಿಂದ 24 ಮಿ.ಮೀ. ನಡುವೆ ಒಡೆಯುತ್ತದೆಯಾದರೂ, ಅಂಡಾಣುಗಳ ಸಂಗ್ರಹ ಕಡಿಮೆಯಾದವರಲ್ಲಿ ಇನ್ನೂ ಚಿಕ್ಕದಿರುವಾಗಲೇ ಒಡೆಯುವುದುಂಟು. ಅಳೆಯುವವರು ಬದಲಾದರೆ 1–2 ಮಿ.ಮೀ. ವ್ಯತ್ಯಾಸ ಬರುವುದೂ ಸಹಜವೇ.

ಎರಡು ಚಕ್ರ ಕಂಡವಳು:
ನೋಡಬೇಕಾದದ್ದು ಅಂಡಾಣು ಬಿಡುಗಡೆಗೆ ಸಂಕೇತ ಕೊಡುವ ಎಲ್‌ಎಚ್ ಹಾರ್ಮೋನು. ಅದು ಏರತೊಡಗಿದ ಸುಮಾರು 34–36 ಗಂಟೆಗಳಲ್ಲಿ ಅಂಡಾಣು ಹೊರಬೀಳುತ್ತದೆ. ಅಂದರೆ ನಿಮ್ಮಲ್ಲಿ ಆ ಏರಿಕೆ ಹನ್ನೊಂದರ ರಾತ್ರಿಯೊಳಗೇ ಆರಂಭವಾಗಿರಬೇಕು, ಎರಡು ದಿನಗಳ ಬಿಡುವಿನಲ್ಲಿ ಎಲ್ಲವೂ ಮುಗಿದುಹೋಗಿದೆ. ನನಗೆ 15 ಮಿ.ಮೀ. ದಾಟಿದ ಮೇಲೆ ಪ್ರತಿದಿನ ಸ್ಕ್ಯಾನಿಂಗ್, ಜೊತೆಗೆ ರಕ್ತದಲ್ಲಿ ಎಲ್‌ಎಚ್ ಮತ್ತು ಈಸ್ಟ್ರಡಯೋಲ್ (ಬೆಳೆಯುವ ಫಾಲಿಕಲ್ ಸ್ರವಿಸುವ ಹಾರ್ಮೋನು) ನೋಡುತ್ತಿದ್ದರು. ಬಲಿತ ಫಾಲಿಕಲ್ ಒಂದಕ್ಕೆ ಈಸ್ಟ್ರಡಯೋಲ್ ಮಿ.ಲೀ.ಗೆ ಸುಮಾರು 200 ಪಿಕೋಗ್ರಾಂ ಮುಟ್ಟಿ, ಎಲ್‌ಎಚ್ ಇನ್ನೂ ಏರದಿದ್ದರೆ ಎಚ್‌ಸಿಜಿ ಚುಚ್ಚುಮದ್ದು (ಅಂಡಾಣುವನ್ನು ಬಲಿಸಿ ಹೊರಬೀಳಿಸುವ ಹಾರ್ಮೋನು) ಕೊಟ್ಟು, ಅಂಡಾಣು ತೆಗೆಯುವ ಗಂಟೆಯನ್ನು ತಾವೇ ಗೊತ್ತುಮಾಡುತ್ತಾರೆ. ಎಲ್‌ಎಚ್ ಆಗಲೇ ಏರಿದ್ದರೆ ಅಂಡಾಣು ತೆಗೆಯುವುದನ್ನು ಮುಂಚಿತಗೊಳಿಸುತ್ತಾರೆ, ಇಲ್ಲವೇ ಚಕ್ರವನ್ನು ಕೈಬಿಡುತ್ತಾರೆ. ಮನೆಯಲ್ಲಿ ಈ ಏರಿಕೆಯನ್ನು ತೋರಿಸುವ ಮೂತ್ರಪರೀಕ್ಷೆಯ ಪಟ್ಟಿಯನ್ನು ದಿನಕ್ಕೆರಡು ಬಾರಿ ನೋಡಿಕೊಳ್ಳಿ, ಆದರೆ ಅದಕ್ಕೆ ಮುಂಚೆ ಹೆಚ್ಚು ನೀರು ಕುಡಿದರೆ ಗೆರೆ ಮಸುಕಾಗುತ್ತದೆ.

ಹಳೆಯ ಓದುಗ:
ಈ ಗಂಟೆಗಳ ಲೆಕ್ಕ ಹೊಸದಲ್ಲ. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಸಹಜ ಚಕ್ರದ ಒಂದೇ ಅಂಡಾಣುವಿನಿಂದ ಬಂದವಳು. ಎಲ್‌ಎಚ್ ಏರಿಕೆಯನ್ನು ಹಿಡಿಯಲು ತಾಯಿಯ ಮೂತ್ರವನ್ನು ಹಗಲುರಾತ್ರಿ ಕೆಲವು ಗಂಟೆಗಳಿಗೊಮ್ಮೆ ಪರೀಕ್ಷಿಸಿದ್ದರು.

ಹಾಸನದವಳು:
ಎಲ್ಲರಿಗೂ ಧನ್ಯವಾದಗಳು. ಕ್ಯಾಲೆಂಡರ್ ತೆಗೆದು ನೋಡಿದೆ: ಹನ್ನೆರಡನೆಯ ದಿನ ಭಾನುವಾರವಾಗಿತ್ತು. ಮುಂದಿನ ತಿಂಗಳು ಶುರುಮಾಡುವ ಮುನ್ನ, ರಜೆಯ ದಿನವೂ ಸ್ಕ್ಯಾನಿಂಗ್ ಇರುತ್ತದೆಯೇ ಎಂದು ಕೇಳಿಕೊಳ್ಳುತ್ತೇನೆ.